ಮಣ್ಣಿನಲ್ಲಿ ಅಚ್ಚೊತ್ತಿದ ಮುದ್ರಣಕಾರ

ಹೋದ ತಿಂಗಳ ಕನ್ನಡ ತರಗತಿಗೆ ನಾನೊಂದು ಹಂಚು ತಂದಿದ್ದೆ, ನೆನಪಿದೆಯಾ ಮಕ್ಕಳೇ? ಹಳೇ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಮಲಗಿಸಿ, ಊರಿನಿಂದ ವಿಮಾನದಲ್ಲಿ ತಂದ ಹಂಚು. ನಿಮ್ಮಲ್ಲೊಬ್ಬಳು ಎತ್ತಲು ಹೋಗಿ "ಅಬ್ಬಾ, ಭಾರ!" ಅಂದಳು. ಇನ್ನೊಬ್ಬ "ಆಂಟಿ, ಇದು ಇಟ್ಟಿಗೆನಾ?" ಅಂತ ಕೇಳಿದ. ಅವತ್ತು ಹಾಡಿನ ಅಭ್ಯಾಸಕ್ಕೆ ಹೊತ್ತಾಗಿತ್ತು, ಸರಿಯಾಗಿ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಇದು ಮಂಗಳೂರು ಹಂಚು. ನಾನು ಹುಟ್ಟಿದ ಮನೆಯ ಮಾಡಿನ ಮೇಲೆ ಇಂಥವು ಸಾವಿರಾರು ಇದ್ದವು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಳೆಗಾಲದ ಆಟಿ ತಿಂಗಳ ರಾತ್ರಿ ಹಂಚಿನ ಮೇಲೆ ಮಳೆ ಸುರಿಯುವಾಗ ಪಕ್ಕದಲ್ಲಿ ಮಲಗಿದ ಅಜ್ಜಿ ಹೇಳುವ ಕಥೆಯೂ ಕಿವಿಗೆ ಬೀಳುತ್ತಿರಲಿಲ್ಲ. ಬೇಸಿಗೆಯಲ್ಲಿ ಅದೇ ಮಾಡಿನ ಒಂದು ಗಾಜಿನ ಹಂಚಿನಿಂದ ಬಿಸಿಲಿನ ಕೋಲು ಅಡುಗೆಮನೆಗೆ ಇಳಿಯುತ್ತಿತ್ತು. ಆ ಕೋಲಿನೊಳಗೆ ಒಲೆಯ ಹೊಗೆ ಸುರುಳಿ ಸುರುಳಿಯಾಗಿ ಏರುವುದನ್ನು ನೋಡುತ್ತ ನಾನು ಎಷ್ಟೋ ಸಲ ಗಂಜಿ ಆರಿಸಿಕೊಂಡಿದ್ದೇನೆ.

ಈ ಹಂಚಿನ ಹಿಂದೆ ಒಬ್ಬ ಕಸುಬುದಾರನಿದ್ದಾನೆ. ಹೆಸರು ಜಾರ್ಜ್ ಪ್ಲೆಬ್ಸ್ಟ್. ಜರ್ಮನಿಯವನು. ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನ ಕ್ರೈಸ್ತ ಮಿಷನ್ನಿನಿಂದ 1851ರಲ್ಲಿ ಮಂಗಳೂರಿಗೆ ಬಂದ. ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಅದಕ್ಕೂ ಮೊದಲೇ, 1834ರಲ್ಲಿ, ಹಡಗಿನಿಂದ ಇಳಿದಿದ್ದರು. ಅವರಲ್ಲಿ ಹೆಚ್ಚಿನವರು ಬೋಧಕರು, ಭಾಷೆ ಕಲಿತವರು, ಪುಸ್ತಕ ಬರೆದವರು. ಪ್ಲೆಬ್ಸ್ಟ್ ಆ ಸಾಲಿನವನಲ್ಲ. ಅವನದು ಕೈಕೆಲಸ. ಅಚ್ಚುಕೂಟವನ್ನು ನೋಡಿಕೊಳ್ಳಲು ಅವನನ್ನು ಕಳಿಸಿದ್ದರು. ಅದೇ ವರ್ಷ ಬಂದ ಹಾಲರ್ ಎಂಬಾತ ನೇಯ್ಗೆ ಬಲ್ಲವನು. ಮಂಗಳೂರಿನ ಮಗ್ಗದಲ್ಲಿ ಖಾಕಿ ಬಣ್ಣ ಹುಟ್ಟಿತು ಎಂದು ಹೇಳುವ ಕಥೆ ಅವನದು, ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಆ ಅಚ್ಚುಕೂಟದ ವಿಷಯ ಒಂದಿಷ್ಟು ಹೇಳಲೇಬೇಕು, ಏಕೆಂದರೆ ನೀವು ಈಗ ಓದುತ್ತಿರುವ ಇಂಥ ಸಂಚಿಕೆಗಳಿಗೆಲ್ಲ ಅದು ಮುತ್ತಜ್ಜಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಅಲ್ಲಿಂದಲೇ ಹೊರಟದ್ದು. ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿ ಅದರ ಸಂಪಾದಕ. ಆಗ ಅಲ್ಲಿದ್ದದ್ದು ಕಲ್ಲಚ್ಚು, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಅದರಿಂದ ಕಾಗದಕ್ಕೆ ಇಳಿಸುವ ಕ್ರಮ. ಪ್ಲೆಬ್ಸ್ಟ್ ಬಂದದ್ದು ಅಚ್ಚುಕೂಟ ಕಲ್ಲಿನಿಂದ ಸೀಸದ ಅಚ್ಚುಮೊಳೆಗಳ ಕಡೆಗೆ ತಿರುಗುತ್ತಿದ್ದ ಕಾಲದಲ್ಲಿ. ಕನ್ನಡದ ಮೊಳೆ ಜೋಡಿಸುವುದು ಮಕ್ಕಳಾಟವಲ್ಲ. 'ಕ್ಷ್ಮಿ' ಅಂತ ಒಮ್ಮೆ ಬರೆದು ನೋಡಿ: ಮೇಲೊಂದು ಗುಡಿಸು, ಕೆಳಗೊಂದು ಒತ್ತು, ಮತ್ತೊಂದು ಒತ್ತು. ಇಷ್ಟನ್ನೂ ಉಲ್ಟಾ ಅಕ್ಷರಗಳಲ್ಲಿ, ಒಂದು ಕೂದಲೆಳೆ ಅಂತರ ತಪ್ಪದಂತೆ ಕೂಡಿಸಬೇಕು. ಇದೇ ಅಚ್ಚುಕೂಟದಿಂದ 1894ರಲ್ಲಿ ಕಿಟೆಲ್ ಎಂಬ ಪಾದ್ರಿಯ ದೊಡ್ಡ ಕನ್ನಡ ನಿಘಂಟು ಹೊರಬಂತು. ನಿಮ್ಮ ಅಪ್ಪನ ಕಪಾಟಿನಲ್ಲಿ ಅದರ ಮರುಮುದ್ರಣ ಇದ್ದರೂ ಇರಬಹುದು, ಕೇಳಿ ನೋಡಿ.

ಮುದ್ರಣದವನಿಗೆ ಹಂಚಿನ ಉಸಾಬರಿ ಯಾಕೆ ಬಂತು?

ಮಿಷನ್ನಿನವರು ಬಂದದ್ದು ಕ್ರೈಸ್ತ ಮತ ಸಾರುವುದಕ್ಕೆ. ಅವರ ಮಾತಿಗೆ ಓಗೊಟ್ಟು ಮತ ಬದಲಿಸಿದವರಿಗೆ ಎಷ್ಟೋ ಕಡೆ ಮನೆಯ ಬಾಗಿಲು ಮುಚ್ಚಿತು. ಮನೆಯ ಜೊತೆಗೆ ಗದ್ದೆ, ಕುಲದ ಕಸುಬು, ನಾಳಿನ ಊಟ ಎಲ್ಲವೂ ಹೋಯಿತು. ಇವರಿಗೆ ದುಡಿಮೆ ಬೇಕು. ಬಡಗಿ ಕೆಲಸ, ಗಡಿಯಾರದ ಕೆಲಸ, ನೇಯ್ಗೆ, ಪುಸ್ತಕಕ್ಕೆ ರಟ್ಟು ಕಟ್ಟುವುದು ಹೀಗೆ ಒಂದೊಂದನ್ನೇ ಮಿಷನ್ನಿನವರು ಮಾಡಿ ನೋಡಿದರು. ಕೆಲವು ನಿಂತವು, ಕೆಲವು ನೆಲಕಚ್ಚಿದವು. ಈ ಹುಡುಕಾಟದಲ್ಲಿ ಪ್ಲೆಬ್ಸ್ಟ್‌ನ ಕಣ್ಣು ಬಿದ್ದದ್ದು ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನ ಮೇಲೆ.

ಇಲ್ಲಿ ಒಂದು ಮಾತು. ಆ ಮಣ್ಣನ್ನು ಪ್ಲೆಬ್ಸ್ಟ್ ಕಂಡುಹಿಡಿದ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಊರಿನ ಕುಂಬಾರರು ತಲೆತಲಾಂತರದಿಂದ ಜೇಡಿಮಣ್ಣನ್ನು ತುಳಿದು, ಹದ ಮಾಡಿ, ಗಡಿಗೆ, ಅಳಗೆ, ಕೈಯಲ್ಲಿ ಬಗ್ಗಿಸಿದ ನಾಡಹಂಚು ಮಾಡುತ್ತಿದ್ದವರೇ. ಮಣ್ಣಿನ ಗುಣ ಅವರಿಗೆ ಗೊತ್ತಿತ್ತು. ಪ್ಲೆಬ್ಸ್ಟ್‌ಗೆ ಗೊತ್ತಿದ್ದದ್ದು ಯಂತ್ರದ ಗುಣ. ಬಾಸೆಲ್‌ಗೆ ಹತ್ತಿರದ ಆಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಅದೇ ಬಗೆಯ ಹಂಚನ್ನು ನಮ್ಮ ನದಿಯ ಮಣ್ಣಿನಲ್ಲಿ ಒತ್ತಲು ಪ್ಲೆಬ್ಸ್ಟ್ ಹೊರಟ. 1865ರಲ್ಲಿ, ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ, ಕಾರ್ಖಾನೆ ಶುರುವಾಯಿತು. ಮೊದಲಿಗೆ ಕೆಲವೇ ಆಳುಗಳು, ಮಣ್ಣು ಅರೆಯುವುದಕ್ಕೆ ಎತ್ತುಗಳು. ಉಗಿಯಂತ್ರ ಬಂದದ್ದು ಆಮೇಲೆ.

ಹಂಚು ಆಗುವ ಬಗೆ ಕೇಳಿ. ಮಣ್ಣನ್ನು ನೆನೆಹಾಕಿ, ಕಲ್ಲು ಕಸ ತೆಗೆದು, ಚೆನ್ನಾಗಿ ಅರೆದು ನಾದಬೇಕು. ನಿಮ್ಮಮ್ಮ ಚಪಾತಿ ಹಿಟ್ಟು ನಾದುವಂತೆ. ಒಳಗೆ ಗಾಳಿ ಉಳಿದರೆ ಬೆಂಕಿಯಲ್ಲಿ ಬಿರಿಯುತ್ತದೆ. ಆಮೇಲೆ ಅದನ್ನು ಚಪ್ಪಟೆ ಹಲಗೆಯಂತೆ ಕತ್ತರಿಸಿ, ಎಣ್ಣೆ ಸವರಿದ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಅಂಚಿನಲ್ಲಿ ಹೊರಬಂದ ಮಣ್ಣನ್ನು ತಂತಿಯಿಂದ ಸವರಿ ತೆಗೆದು ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಇಟ್ಟರೆ ಒಂದು ಮಗ್ಗುಲು ಬೇಗ ಒಣಗಿ ಹಂಚು ಸೊಟ್ಟಗಾಗುತ್ತದೆ. ಕಡೆಗೆ ಗೂಡಿನಲ್ಲಿ ಪೇರಿಸಿ, ಸೌದೆ ಉರಿಸಿ, ದಿನಗಟ್ಟಲೆ ಬೇಯಿಸುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಕೆಂಪಾಗುತ್ತದೆ, ಬೇರೆ ಬಣ್ಣ ಹಚ್ಚುವುದಿಲ್ಲ. ಬೆಂದಿದೆಯೋ ಇಲ್ಲವೋ ತಿಳಿಯಲು ಬೆರಳ ಗೆಣ್ಣಿನಿಂದ ತಟ್ಟಬೇಕು. ಚೆನ್ನಾಗಿ ಬೆಂದದ್ದು 'ಟಣ್' ಅನ್ನುತ್ತದೆ. ಬಿರುಕು ಬಿಟ್ಟದ್ದು 'ದಬ್' ಅನ್ನುತ್ತದೆ. ನನ್ನ ಅಜ್ಜ ಗಾಡಿಯಿಂದ ಇಳಿಸಿದ ಪ್ರತಿಯೊಂದು ಹಂಚನ್ನೂ ಹೀಗೆ ತಟ್ಟಿ, ಕಿವಿಗೊಟ್ಟು, ಆಮೇಲೇ ಒಳಗೆ ಸೇರಿಸುತ್ತಿದ್ದರು.

ಹಂಚಿನ ಚಮತ್ಕಾರ ಇರುವುದು ಅದರ ಅಂಚಿನಲ್ಲಿ. ಒಂದು ಮಗ್ಗುಲಲ್ಲಿ ತೋಡು, ಇನ್ನೊಂದು ಮಗ್ಗುಲಲ್ಲಿ ಏಣು. ಈ ಹಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರುತ್ತದೆ. ಅಡಿಯಲ್ಲಿ ಸಣ್ಣ ಮುಂಚಾಚು ಇದೆಯಲ್ಲ, ಅದು ಮರದ ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮೊಳೆ ಬೇಡ, ಗಾರೆ ಬೇಡ. ನೀರು ತೋಡು ಹಿಡಿದು ಕೆಳಗಿಳಿದು ಅಂಗಳಕ್ಕೆ ಬೀಳುತ್ತದೆ. ಒಂದು ಹಂಚು ಒಡೆದರೆ ಅದೊಂದನ್ನೇ ತೆಗೆದು ಬೇರೆ ಸೇರಿಸಿದರಾಯಿತು. ಅಲ್ಲಿಯವರೆಗೆ ಬಡವರ ಮನೆಗೆ ಇದ್ದದ್ದು ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ವರ್ಷ ವರ್ಷ ಹೊಸದಾಗಿ ಹೊದಿಸಬೇಕು, ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಉರಿದುಹೋಗಬಹುದು. ಮಾಡಿಗೆ ಹಂಚು ಬಂದ ಮೇಲೆ ಮನೆಯ ಹೆಂಗಸರು ಒಲೆಯ ಮುಂದೆ ಎಷ್ಟು ನಿಶ್ಚಿಂತೆಯಿಂದ ಕೂತಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಜೆಪ್ಪುವಿನ ನಂತರ ಕುದ್ರೋಳಿ, ಮಲ್ಪೆ, ಕೇರಳದ ಕಲ್ಲಿಕೋಟೆ, ಪಾಲಕ್ಕಾಡ್ ಹೀಗೆ ಮಿಷನ್ನಿನ ಹಂಚಿನ ಕಾರ್ಖಾನೆಗಳು ಹಬ್ಬಿದವು. ಊರಿನ ಬೇರೆಯವರೂ ಹಂಚಿಗೆ ಕೈಹಾಕಿದರು. ನದಿಯ ದಡದಲ್ಲಿ ಚಿಮಣಿಗಳು ಸಾಲಾಗಿ ಎದ್ದವು, ಹಂಚು ಹಡಗು ಏರಿ ಸಮುದ್ರದಾಚೆಗೂ ಹೋಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಈಗ ಕಾಂಕ್ರೀಟಿನ ಕಾಲ, ಹೆಚ್ಚಿನ ಚಿಮಣಿಗಳು ತಣ್ಣಗಾಗಿವೆ. ನನಗೆ ಅದರ ಸಂಕಟ ಇದ್ದೇ ಇದೆ. ಜೇಡಿಮಣ್ಣು ಹೊತ್ತು, ಹಸಿ ಹಂಚನ್ನು ಮಗುವಿನಂತೆ ಅಂಗೈ ಮೇಲೆ ಹಿಡಿದು ಸಾಲಿನಲ್ಲಿ ಜೋಡಿಸುತ್ತಿದ್ದ ಹೆಂಗಸರ ಕೈಚಳಕ ಅವರ ಮಕ್ಕಳಿಗೆ ದಾಟಲಿಲ್ಲ.

ನಾನು ತಂದ ಹಂಚಿಗೆ ಮತ್ತೆ ಬರುತ್ತೇನೆ. ಅದನ್ನು ಮಗುಚಿದರೆ ಅಡಿಯಲ್ಲಿ ಉಬ್ಬಿದ ಅಕ್ಷರಗಳು: 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865'. ಆ ವರ್ಷ ಕಾರ್ಖಾನೆ ಶುರುವಾದದ್ದರ ಗುರುತು; ಹಂಚು ಮಾಡಿದ ವರ್ಷ ಬೇರೆ. ಪ್ಲೆಬ್ಸ್ಟ್‌ನ ಹೆಸರು ಎಲ್ಲೂ ಇಲ್ಲ. ಆದರೆ ನೋಡಿ, ಈ ಅಕ್ಷರಗಳು ಹಂಚಿನ ಮೇಲೆ ಸರಿಯಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅವು ಉಲ್ಟಾ ಇರಬೇಕು. ಸೀಸದ ಮೊಳೆಯಲ್ಲಿದ್ದ ಹಾಗೆಯೇ. ಹದಿನಾಲ್ಕು ವರ್ಷ ಮೊದಲು ಕಾಗದದ ಮೇಲೆ ಅಚ್ಚೊತ್ತಲು ಬಂದವನು ಜೆಪ್ಪುವಿನಲ್ಲಿ ಮಣ್ಣಿನ ಮೇಲೆ ಒತ್ತಿದ.

ಅವತ್ತು ತರಗತಿ ಮುಗಿದು ಎಲ್ಲರೂ ಹೊರಟಿದ್ದಿರಿ. ನಿಮ್ಮಲ್ಲೇ ಒಬ್ಬ ಸಣ್ಣವನು ಮಾತ್ರ ಅಲ್ಲೇ ಉಳಿದ. ಮಗುಚಿಟ್ಟ ಹಂಚಿನ ಮೇಲೆ ಒಂದು ಬಿಳಿ ಕಾಗದ ಹಾಸಿ, ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿದ. ಸವೆದು ಮಂಕಾಗಿದ್ದ ಅಕ್ಷರಗಳು ಒಂದೊಂದಾಗಿ ಕಾಗದದ ಮೇಲೆ ಎದ್ದು ಬಂದವು. ಕೊನೆಗೆ ಆ 5ರ ಬಾಲವೂ ಬಂತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಅವರಮ್ಮ ಕರೆಯುತ್ತಿದ್ದಾರೆಂದು ಓಡಿದ.