ಪುಟ್ಟ ಕೈಗಳಿಗಾಗಿ ದುಡಿದ ಬಿಯಾಟ್ರಿಕ್ಸ್ ಪಾಟರ್

ಮಕ್ಕಳಿಗಾಗಿ ಪುಸ್ತಕ ಬರೆಯುವುದು ಸುಲಭವೆಂದು ತಿಳಿದವರು ಹಲವರಿದ್ದಾರೆ. ನಾಲ್ಕು ಸಾಲಿನ ಕಥೆ, ಅದರ ಪಕ್ಕದಲ್ಲೊಂದು ಮೊಲದ ಚಿತ್ರ. ಇಷ್ಟಾದರೆ ಪುಸ್ತಕ ಸಿದ್ಧವಾಯಿತೆಂದು ಅವರು ಬಗೆಯುತ್ತಾರೆ. ಆದರೆ ಆ ಮೊಲವು ಎಳೆಯ ಓದುಗನ ಕಣ್ಣಿಗೆ ಜೀವಂತ ಮೊಲವಾಗಿ ತೋರಬೇಕಾದರೆ ಅದನ್ನು ಬಿಡಿಸಿದ ಕೈ ಎಷ್ಟು ಕಾಲ ದುಡಿದಿರಬೇಕು, ಆ ಕೈಯ ಹಿಂದಿನ ಕಣ್ಣು ಎಷ್ಟು ನೋಡಿರಬೇಕು ಎಂಬುದನ್ನು ಯೋಚಿಸುವವರು ಕಡಿಮೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆಯ ಬಾಳನ್ನು ತಿಳಿದವರಿಗೆ ಅದರ ಅರಿವಾಗುತ್ತದೆ.

ಬಿಯಾಟ್ರಿಕ್ಸ್ 1866ನೆಯ ಇಸವಿ ಜುಲೈ 28ರಂದು ಲಂಡನ್ ನಗರದ ದಕ್ಷಿಣ ಕೆನ್ಸಿಂಗ್ಟನ್ ಬಡಾವಣೆಯ ಸಿರಿವಂತ ಮನೆತನವೊಂದರಲ್ಲಿ ಜನಿಸಿದಳು. ತಂದೆ ರೂಪರ್ಟ್ ಪಾಟರ್ ವಕೀಲಿ ಓದಿದ್ದವರು. ಆದರೆ ಹಿರಿಯರು ಹತ್ತಿಬಟ್ಟೆಯ ಉದ್ಯಮದಲ್ಲಿ ಗಳಿಸಿಟ್ಟ ಸಂಪತ್ತಿದ್ದುದರಿಂದ ಹೊಟ್ಟೆಪಾಡಿಗಾಗಿ ದುಡಿಯಬೇಕಾದ ಅಗತ್ಯ ಅವರಿಗಿರಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಶ್ರೀಮಂತರ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ವಾಡಿಕೆ ವಿರಳವಾಗಿತ್ತು. ಶಿಕ್ಷಕಿಯರು ಮನೆಗೇ ಬಂದು ಪಾಠ ಹೇಳುತ್ತಿದ್ದರು. ಮನೆಯ ಮೇಲಂತಸ್ತಿನ ಕೋಣೆಯೇ ಬಿಯಾಟ್ರಿಕ್ಸಳ ಶಾಲೆ, ಆಟದ ಬಯಲು ಎಲ್ಲವೂ ಆಯಿತು. ಓರಗೆಯ ಗೆಳತಿಯರಿರಲಿಲ್ಲ. ಆರು ವರ್ಷ ಕಿರಿಯನಾದ ತಮ್ಮ ಬರ್ಟ್ರಮ್ ಒಬ್ಬನೇ ಜೊತೆಗಾರ.

ಆ ಕೋಣೆಗೆ ಬೇರೆ ಬಗೆಯ ಗೆಳೆಯರು ಬಂದು ಸೇರಿದರು. ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ, ಮುಳ್ಳುಹಂದಿಯಂತೆ ಮೈತುಂಬ ಮುಳ್ಳಿರುವ ಒಂದು ಪುಟ್ಟ ಪ್ರಾಣಿ, ಹೀಗೆ ಅಕ್ಕತಮ್ಮಂದಿರು ಹಲವು ಜೀವಿಗಳನ್ನು ಸಾಕಿದರು. ಅವು ಮಲಗುವ ಬಗೆ, ತಿನ್ನುವ ಬಗೆ, ಬೆದರಿದಾಗ ಕಿವಿ ನಿಮಿರಿಸುವ ಬಗೆ ಎಲ್ಲವನ್ನೂ ಬಿಯಾಟ್ರಿಕ್ಸ್ ಮತ್ತೆ ಮತ್ತೆ ಬಿಡಿಸಿದಳು. ಸತ್ತ ಪ್ರಾಣಿಯನ್ನು ಕುದಿಸಿ, ಎಲುಬುಗಳನ್ನು ಬೇರ್ಪಡಿಸಿ, ಅವುಗಳ ಜೋಡಣೆಯನ್ನು ಅಭ್ಯಾಸ ಮಾಡಿದುದೂ ಉಂಟು. ಮುದ್ದಿಸುವುದರ ಜೊತೆಗೆ ಅರಿಯುವುದೂ ಪ್ರೀತಿಯೇ ಎಂಬುದು ಆಕೆಗೆ ಬಾಲ್ಯದಲ್ಲಿಯೇ ತಿಳಿದಿತ್ತು. ಬೇಸಿಗೆಯ ತಿಂಗಳುಗಳನ್ನು ಕುಟುಂಬವು ಸ್ಕಾಟ್ಲೆಂಡಿನಲ್ಲಿಯೂ, 1882ರಿಂದ ಹಲವು ವರ್ಷ ಇಂಗ್ಲೆಂಡಿನ ವಾಯವ್ಯದಲ್ಲಿರುವ ಸರೋವರ ಸೀಮೆಯಲ್ಲಿಯೂ ಕಳೆಯುತ್ತಿತ್ತು. ಗುಡ್ಡ, ಕೆರೆ, ಕಲ್ಲುಗೋಡೆಯ ಹೊಲ, ಕುರಿಮಂದೆಗಳ ಆ ನಾಡು ಆಕೆಯ ಮನಸ್ಸನ್ನು ಸೆರೆಹಿಡಿಯಿತು.

ಯೌವನದಲ್ಲಿ ಬಿಯಾಟ್ರಿಕ್ಸಳ ಗಮನ ಅಣಬೆಗಳ ಕಡೆ ಹರಿಯಿತು. ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕಿಂಟಾಷ್ ಎಂಬ ಅಂಚೆಯಾಳು ಸ್ವಪ್ರಯತ್ನದಿಂದ ಸಸ್ಯಗಳ ಬಗ್ಗೆ ಅಪಾರ ತಿಳಿವಳಿಕೆ ಸಂಪಾದಿಸಿದ್ದನು. ಆತ ಅಣಬೆಗಳನ್ನು ಆಯ್ದು ಕಳುಹಿಸುತ್ತಿದ್ದನು. ಆಕೆ ಅವುಗಳ ಚಿತ್ರ ಬರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಳು. ಅಣಬೆಯ ಬೀಜಾಣುಗಳು ಮೊಳೆಯುವ ಬಗೆಯನ್ನು ಕುರಿತು ಆಕೆ ಬರೆದ ಪ್ರಬಂಧವು 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿದ್ವತ್ಸಂಸ್ಥೆಯ ಮುಂದೆ ಬಂದಿತು. ಆದರೆ ಅದನ್ನು ಬರೆದವಳು ಅಲ್ಲಿರಲಿಲ್ಲ. ಆ ಸಭೆಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಜಾರ್ಜ್ ಮ್ಯಾಸಿ ಎಂಬ ಸಸ್ಯವಿಜ್ಞಾನಿ ಅದನ್ನು ಮಂಡಿಸಬೇಕಾಯಿತು. ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಅದು ಅಚ್ಚಾಗಲೇ ಇಲ್ಲ. ಆಕೆಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ಆ ಸಂಸ್ಥೆ ಒಪ್ಪಿಕೊಂಡದ್ದು ಸರಿಯಾಗಿ ನೂರು ವರ್ಷಗಳ ಬಳಿಕ, 1997ರಲ್ಲಿ.

ವಿಜ್ಞಾನದ ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲು, ಆಕೆಗೇ ತಿಳಿಯದಂತೆ, ಕೆಲವು ವರ್ಷಗಳ ಹಿಂದೆಯೇ ತೆರೆದುಕೊಂಡಿತ್ತು. ಹಿಂದೆ ತನಗೆ ಪಾಠ ಹೇಳಿದ್ದ ಶಿಕ್ಷಕಿಯ ಐದು ವರ್ಷದ ಮಗ ನೋಯೆಲ್ ಕಾಯಿಲೆಯಿಂದ ಮಲಗಿದ್ದನು. ಅವನನ್ನು ನಲಿಸಲೆಂದು ಬಿಯಾಟ್ರಿಕ್ಸ್ 1893ರ ಸೆಪ್ಟೆಂಬರ್ 4ರಂದು ಒಂದು ಕಾಗದ ಬರೆದಳು. ತಾಯಿಯ ಮಾತು ಮೀರಿ ತೋಟಕ್ಕೆ ನುಗ್ಗಿದ ಪೀಟರ್ ಎಂಬ ತುಂಟ ಮೊಲದ ಕಥೆ ಅದರಲ್ಲಿತ್ತು. ಸಾಲುಗಳ ನಡುವೆ ಶಾಯಿಯಲ್ಲಿ ಬಿಡಿಸಿದ ಚಿತ್ರಗಳಿದ್ದವು. ಬಾಲಕನು ಅದನ್ನು ಜೋಪಾನವಾಗಿ ಇರಿಸಿಕೊಂಡಿದ್ದನು. ಕೆಲವು ವರ್ಷಗಳ ಅನಂತರ ಆಕೆ ಆ ಕಾಗದವನ್ನು ಎರವಲು ಪಡೆದು, ಕಥೆಯನ್ನು ಬೆಳೆಸಿ, ಪುಸ್ತಕದ ರೂಪಕ್ಕೆ ತಂದಳು.

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಅದನ್ನು ಹಿಂದಿರುಗಿಸಿದರು. ಪುಸ್ತಕ ದೊಡ್ಡದಾಗಿರಬೇಕು, ಬೆಲೆಯೂ ಹೆಚ್ಚಿರಬೇಕು ಎಂಬುದು ವ್ಯಾಪಾರಿಗಳ ಲೆಕ್ಕ. ಪುಸ್ತಕವು ಮಗುವಿನ ಪುಟ್ಟ ಕೈಗೆ ಹಿಡಿಯುವಂತಿರಬೇಕು, ಸಾಮಾನ್ಯರ ಮಕ್ಕಳಿಗೂ ಎಟಕುವ ಬೆಲೆಗೆ ಸಿಗಬೇಕು ಎಂಬುದು ಬಿಯಾಟ್ರಿಕ್ಸಳ ಹಟ. ಕಡೆಗೆ 1901ರ ಡಿಸೆಂಬರಿನಲ್ಲಿ ಆಕೆ ತನ್ನ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದಳು. ಅವು ಬೇಗನೆ ಮುಗಿದು ಮತ್ತೆ 200 ಪ್ರತಿಗಳು ಬೇಕಾದವು. ಮೊದಲು ನಿರಾಕರಿಸಿದ್ದ ಫ್ರೆಡರಿಕ್ ವಾರ್ನ್ ಸಂಸ್ಥೆಯವರು ಈಗ ಮುಂದೆ ಬಂದರು. ಚಿತ್ರಗಳು ಬಣ್ಣದಲ್ಲಿರಬೇಕೆಂಬುದು ಅವರ ಷರತ್ತು. ಆಕೆ ಒಪ್ಪಿ ಎಲ್ಲವನ್ನೂ ಹೊಸದಾಗಿ ಬಣ್ಣಗಳಲ್ಲಿ ಬಿಡಿಸಿದಳು. 1902ರ ಅಕ್ಟೋಬರಿನಲ್ಲಿ ಒಂದು ಷಿಲಿಂಗ್ ಬೆಲೆಯ ಆ ಪುಟ್ಟ ಪುಸ್ತಕ ಹೊರಬಂದಿತು. ವರ್ಷಾಂತ್ಯಕ್ಕೆ ಸುಮಾರು 28,000 ಪ್ರತಿಗಳು ಅಚ್ಚಾಗಿದ್ದವು.

ಕೀರ್ತಿ ಬಂದಿತೆಂದು ಆಕೆ ಕೆಲಸದಲ್ಲಿ ಸಡಿಲಗೊಳ್ಳಲಿಲ್ಲ. ಗ್ಲಾಸ್ಟರ್ ಪಟ್ಟಣದ ದರ್ಜಿಯ ಕಥೆಗೆ ಹಳೆಯ ಕಾಲದ ಕಸೂತಿಯ ಉಡುಪು ಬೇಕಾದಾಗ, ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿದ್ದ ನಿಜವಾದ ಉಡುಪನ್ನು ನೋಡಿಯೇ ಬಿಡಿಸಿದಳು. ಆಕೆಯ ಪ್ರಾಣಿಗಳು ಅಂಗಿ ತೊಡುತ್ತವೆ, ಮಾತನಾಡುತ್ತವೆ. ಆದರೆ ಅಂಗಿಯೊಳಗಿನ ಮೈ ಮಾತ್ರ ಅಪ್ಪಟ ಮೊಲದ್ದು, ಅಪ್ಪಟ ಇಲಿಯದು. ಮಕ್ಕಳೆಂದು ಸತ್ಯವನ್ನು ಮರೆಮಾಚುವುದೂ ಆಕೆಗೆ ಸೇರದು. ಪೀಟರನ ತಂದೆ ಅದೇ ತೋಟದಲ್ಲಿ ಸಿಕ್ಕಿಬಿದ್ದು ತೋಟಗಾರನ ಮನೆಯ ಊಟವಾದನೆಂಬುದನ್ನು ಕಥೆಯ ಆರಂಭದಲ್ಲಿಯೇ ತಿಳಿಸಿಬಿಟ್ಟಳು. ಪೀಟರನ ಗೊಂಬೆಯನ್ನು ತಾನೇ ತಯಾರಿಸಿ 1903ರಲ್ಲಿ ಅದರ ಹಕ್ಕನ್ನು ನೋಂದಾಯಿಸಿದಳು. ಮನೆಯ ಹೊರಗೆ ಒಂದು ಕಾಸೂ ಗಳಿಸಬೇಕಾಗಿಲ್ಲವೆಂದು ಬೆಳೆಸಲಾದ ಮಗಳು ತನ್ನ ಶ್ರಮದ ಬೆಲೆಯನ್ನು ಚೆನ್ನಾಗಿ ಬಲ್ಲವಳಾದಳು.

ಪುಸ್ತಕಗಳ ಕೆಲಸದಲ್ಲಿ ನೆರವಾಗುತ್ತಿದ್ದ ನಾರ್ಮನ್ ವಾರ್ನ್ 1905ರ ಬೇಸಿಗೆಯಲ್ಲಿ ಆಕೆಯನ್ನು ವಿವಾಹವಾಗಲು ಬಯಸಿದನು. ಆತ ವ್ಯಾಪಾರಸ್ಥರ ಮನೆತನದವನೆಂಬ ಕಾರಣದಿಂದ ತಂದೆತಾಯಿಗಳು ಸಮ್ಮತಿಸಲಿಲ್ಲ. ತಮ್ಮ ಸಂಪತ್ತೂ ವ್ಯಾಪಾರದಿಂದಲೇ ಬಂದುದೆಂಬುದು ಅವರಿಗೆ ಮರೆತಿತ್ತು. ಬಿಯಾಟ್ರಿಕ್ಸ್ ಉಂಗುರವನ್ನು ಸ್ವೀಕರಿಸಿದಳು. ಆದರೆ ತಿಂಗಳು ಕಳೆಯುವುದರೊಳಗೆ, ಆಗಸ್ಟ್ 25ರಂದು, ನಾರ್ಮನ್ ರೋಗದಿಂದ ತೀರಿಕೊಂಡನು. ಮುವತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದೆರಗಿದ ಈ ದುಃಖದಲ್ಲಿ ಆಕೆ ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಪುಸ್ತಕಗಳಿಂದ ಬಂದ ಹಣಕ್ಕೆ ಬಂಧುವೊಬ್ಬರಿಂದ ಬಂದ ಅಲ್ಪ ಆಸ್ತಿಯನ್ನು ಸೇರಿಸಿ ಸರೋವರ ಸೀಮೆಯ ಸಾರಿ ಗ್ರಾಮದಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ಆ ಮನೆಯ ಮೆಟ್ಟಿಲು, ಒಲೆ, ಅಂಗಳ, ಹೂದೋಟಗಳೆಲ್ಲ ಆಕೆಯ ಮುಂದಿನ ಪುಸ್ತಕಗಳಲ್ಲಿ ಚಿತ್ರಗಳಾಗಿ ನಿಂತವು. ಇಂದು ಅಲ್ಲಿಗೆ ಹೋದವರು ಪುಸ್ತಕದ ಪುಟವನ್ನು ಹಿಡಿದು ಆ ಮೂಲೆಗಳನ್ನು ಗುರುತಿಸಬಹುದು.

ಜಮೀನಿನ ವ್ಯವಹಾರಗಳಲ್ಲಿ ಸಲಹೆ ನೀಡುತ್ತಿದ್ದ ವಿಲಿಯಂ ಹೀಲಿಸ್ ಎಂಬ ವಕೀಲರನ್ನು ಆಕೆ 1913ರಲ್ಲಿ ವಿವಾಹವಾದಳು. ಆಗ ವಯಸ್ಸು ನಲವತ್ತೇಳು. ದಿನ ಕಳೆದಂತೆ ದೃಷ್ಟಿ ಮಂದವಾಗಿ ಚಿತ್ರರಚನೆ ಕಡಿಮೆಯಾಯಿತು. ಕುಂಚ ಹಿಡಿದಿದ್ದ ಕೈ ಕುರಿಗಳ ಆರೈಕೆಗೆ ಇಳಿಯಿತು. ಆ ಗುಡ್ಡಗಳಿಗೇ ಒಗ್ಗಿದ ಹರ್ಡ್‌ವಿಕ್ ಎಂಬ ಒರಟು ಉಣ್ಣೆಯ ಕುರಿತಳಿ ಕ್ಷೀಣಿಸುತ್ತಿತ್ತು. ಹಣವಂತರು ಬಂಗಲೆ ಕಟ್ಟಲು ಹೊಲಗಳನ್ನು ಕೊಳ್ಳತೊಡಗಿದ್ದರು. ಅನುಭವಸ್ಥ ಕುರಿಗಾಹಿಗಳ ನೆರವಿನಿಂದ ಆಕೆ ಆ ತಳಿಯನ್ನು ಬೆಳೆಸಿ ಪ್ರದರ್ಶನಗಳಲ್ಲಿ ಬಹುಮಾನ ಗಳಿಸಿದಳು. ಮಾರಾಟಕ್ಕೆ ಬಂದ ಹೊಲಗಳನ್ನು ಒಂದೊಂದಾಗಿ ಕೊಂಡು, ಅಲ್ಲಿನ ಬೇಸಾಯ ಮುಂದುವರಿಯುವಂತೆ ನೋಡಿಕೊಂಡಳು.

1943ರ ಡಿಸೆಂಬರ್ 22ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಬಿಯಾಟ್ರಿಕ್ಸ್ ನಿಧನಳಾದಳು. 4,000 ಎಕರೆಗೂ ಮಿಕ್ಕ ನೆಲವನ್ನು ನಾಡಿನ ಸ್ವತ್ತನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಆಕೆ ಬರೆದಿಟ್ಟಿದ್ದಳು. ತನ್ನ ಹೊಲಗಳಲ್ಲಿ ಹರ್ಡ್‌ವಿಕ್ ಕುರಿಗಳನ್ನೇ ಸಾಕಬೇಕೆಂಬುದೂ ಆಕೆಯ ಇಚ್ಛೆಯಾಗಿತ್ತು. 1951ರಲ್ಲಿ ಸರೋವರ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ವಿಶ್ವ ಪರಂಪರೆಯ ತಾಣವೆಂಬ ಮಾನ್ಯತೆ ಪಡೆಯಿತು.

ಶಾಲೆಯ ಮುಖ ಕಾಣದ, ವಿದ್ವಾಂಸರ ಸಭೆಯೊಳಗೆ ಕಾಲಿಡಲಾಗದ ಒಬ್ಬ ಹೆಣ್ಣುಮಗಳು ಕಾಯಿಲೆಯ ಮಗುವಿಗಾಗಿ ಒಂದು ಕಾಗದ ಬರೆದಳು. ಆ ಕಾಗದದಿಂದ ಪುಸ್ತಕ ಹುಟ್ಟಿತು. ಪುಸ್ತಕಗಳಿಂದ ಬಂದ ಹಣ ಗುಡ್ಡಗಾಡನ್ನು ಉಳಿಸಿತು. ಯಾವ ನೆಲ ಆಕೆಗೆ ಚಿತ್ರಗಳನ್ನು ಕೊಟ್ಟಿತೋ ಆ ನೆಲದ ಋಣವನ್ನು ಆಕೆ ಹೀಗೆ ತೀರಿಸಿದಳು. ಚಿಕ್ಕವರಿಗಾಗಿ ಮಾಡುವ ಕೆಲಸ ಎಂದಿಗೂ ಚಿಕ್ಕದಲ್ಲ.