56ಕೆ ಮೋಡೆಮ್‌ನಲ್ಲಿ ಡೌನ್‌ಲೋಡ್ ಅಷ್ಟು ನಿಧಾನ ಏಕಿತ್ತು? ಉತ್ತರ ಕ್ಲಾಡ್ ಶಾನನ್ ಬದುಕಿನಲ್ಲಿದೆ

ಮನೆಗೆ 100 ಎಂಬಿಪಿಎಸ್ ಇಂಟರ್‌ನೆಟ್ ಹಾಕಿಸಿದ್ದೀರಿ. ಡೌನ್‌ಲೋಡ್ ಮಾಡುವಾಗ ಮಾತ್ರ ಸೆಕೆಂಡಿಗೆ 12 ಎಂಬಿ ಎಂದು ತೋರಿಸುತ್ತದೆ. ಹಾಗಾದರೆ ಇದು ಮೋಸವೇ?

ಈ ಅನುಮಾನ ಹೊಸದಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಮೈಸೂರಿನ ಮನೆಗಳಲ್ಲಿ ಲ್ಯಾಂಡ್‌ಲೈನ್ ಫೋನಿಗೆ ಮೋಡೆಮ್ ಜೋಡಿಸಿ ಇಂಟರ್‌ನೆಟ್ ಬಳಸುತ್ತಿದ್ದರು. ಮೋಡೆಮ್ ಮೇಲೆ 56ಕೆ ಎಂದು ಬರೆದಿದ್ದರೂ ಸೆಕೆಂಡಿಗೆ 4–5 ಕೆಬಿ ಬಂದರೆ ಹೆಚ್ಚು. ಬರಹದಂಥ ಕನ್ನಡ ತಂತ್ರಾಂಶ ಇಳಿಸಿಕೊಳ್ಳಲೂ ಕಾಯಬೇಕಿತ್ತು. ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್. ಒಂದು ಸಿಡಿಯಷ್ಟು, ಅಂದರೆ 650 ಎಂಬಿ ತಂತ್ರಾಂಶಕ್ಕೆ ಪೂರ್ತಿ ವೇಗ ಸಿಕ್ಕರೂ ಸುಮಾರು 26 ಗಂಟೆ ಬೇಕಿತ್ತು!

ತಂತಿಯಲ್ಲಿ ಎಷ್ಟು ಮಾಹಿತಿ ಹರಿಯಬಹುದು ಎಂಬುದಕ್ಕೆ ಲೆಕ್ಕ ಕೊಟ್ಟವರು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್. ಸಂವಹನ ಓದುವವರಿಗೆ ಮೊದಲ ಪಾಠಗಳಲ್ಲೇ ಸಿಗುವ ಹೆಸರಿದು.

ಅವರು ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಮಿಶಿಗನ್ ರಾಜ್ಯದಲ್ಲಿ. ಬಾಲ್ಯ ಕಳೆದದ್ದು ಗೇಲಾರ್ಡ್ ಎಂಬ ಪುಟ್ಟ ಊರಿನಲ್ಲಿ. ಹುಡುಗನಾಗಿದ್ದಾಗಲೇ ಮುಳ್ಳುತಂತಿ ಬೇಲಿಯನ್ನೇ ಬಳಸಿ ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಮಾಡಿಕೊಂಡಿದ್ದರು. 1937ರಲ್ಲಿ ಎಂಐಟಿಯ ವಿದ್ಯಾರ್ಥಿಯಾಗಿ, ಸ್ವಿಚ್ಚುಗಳ ಆನ್-ಆಫ್‌ನಿಂದಲೇ ತರ್ಕದ ಲೆಕ್ಕ ಬಿಡಿಸಬಹುದೆಂದು ತೋರಿಸಿದರು. ಇಂದಿನ ಕಂಪ್ಯೂಟರ್, ಮೊಬೈಲ್ ಚಿಪ್‌ಗಳಿಗೆ ಇದೇ ತಳಹದಿ.

ಮುಂದೆ ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿನ ಕಾರಿಡಾರ್‌ಗಳಲ್ಲಿ ಒಂಟಿಚಕ್ರದ ಸೈಕಲ್ ಓಡಿಸುತ್ತಿದ್ದ ಈ ಮನುಷ್ಯ, 1948ರಲ್ಲಿ ಸಂವಹನದ ಗಣಿತ ಸಿದ್ಧಾಂತ ಪ್ರಕಟಿಸಿದರು. ಮಾತು, ಚಿತ್ರ, ಹಾಡು ಏನೇ ಇರಲಿ, ಅದನ್ನು 0 ಮತ್ತು 1ಗಳಲ್ಲಿ ಅಳೆಯಬಹುದು. ಅಂಥ ಒಂದೊಂದು ಅಂಕಿಯೂ ಒಂದು ಬಿಟ್. ಇನ್ನು ತಂತಿಯ ವೇಗದ ಮಿತಿ ನಿರ್ಧಾರವಾಗುವುದು ಎರಡರಿಂದ: ಅದರಲ್ಲಿ ಸಾಗುವ ಆವರ್ತನಗಳ ಹರವು ಮತ್ತು ಸಂಕೇತಕ್ಕೆ ಹೋಲಿಸಿದರೆ ಗದ್ದಲ ಎಷ್ಟಿದೆ ಎಂಬುದು.

ಫೋನ್ ವ್ಯವಸ್ಥೆ ರೂಪುಗೊಂಡದ್ದು ಮನುಷ್ಯರ ಮಾತಿಗೆ. ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ಅದರಲ್ಲಿ ಸಾಗುತ್ತಿತ್ತು. ಹಾಗಾಗಿಯೇ ಮೋಡೆಮ್‌ಗಳು 33.6ಕೆ ತಲುಪಿದಾಗ ಶಾನನ್ ಮಿತಿಯ ಹತ್ತಿರ ಬಂದಿದ್ದವು. ಇನ್ನೊಂದು ತುದಿಯ ಸಂಪರ್ಕ ಡಿಜಿಟಲ್ ಆದ ಮೇಲಷ್ಟೇ 56ಕೆ ಸಾಧ್ಯವಾಯಿತು. ತಂತಿ ಹಳೆಯದಾಗಿ ಗದ್ದಲ ಹೆಚ್ಚಿದ್ದರೆ ವೇಗ ಇನ್ನೂ ಇಳಿಯುತ್ತಿತ್ತು.

ಗದ್ದಲದ ನಡುವೆಯೂ ಸಂದೇಶವನ್ನು ತಪ್ಪಿಲ್ಲದೆ ತಲುಪಿಸಬಹುದು, ಅದಕ್ಕೆ ಜಾಣತನದಿಂದ ಕೆಲವು ಹೆಚ್ಚುವರಿ ಬಿಟ್‌ಗಳನ್ನು ಸೇರಿಸಬೇಕು ಎಂಬುದನ್ನೂ ಶಾನನ್ ಸಾಬೀತು ಮಾಡಿದರು. ದೇವರಾಜ ಮಾರುಕಟ್ಟೆಯ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ವಲ್ಪ ಕಲೆಯಾಗಿದ್ದರೂ ಸ್ಕ್ಯಾನ್ ಆಗುವುದರ ಹಿಂದೆ ಇರುವುದೂ ಇದೇ ವಿಚಾರ.

ವಿಷಾದವೆಂದರೆ, ಇಂಟರ್‌ನೆಟ್ ಮನೆಮನೆಗೆ ಬರುವ ಹೊತ್ತಿಗೆ ಶಾನನ್ ಅವರನ್ನು ಆಲ್‌ಝೈಮರ್ ಕಾಯಿಲೆ ಆವರಿಸಿತ್ತು. ಮಾಹಿತಿಯನ್ನು ಅಳೆಯಲು ಜಗತ್ತಿಗೆ ಕಲಿಸಿದವರ ನೆನಪೇ ಅಳಿಸುತ್ತಾ ಹೋಯಿತು. 2001ರ ಫೆಬ್ರವರಿ 24ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಮೊದಲ ಪ್ರಶ್ನೆಗೆ ಬರೋಣ. ಪ್ಲಾನ್‌ನ ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಫೈಲ್‌ನ ಗಾತ್ರವನ್ನು ಹೇಳುವುದು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100 ಎಂಬಿಪಿಎಸ್ ಅನ್ನು 8ರಿಂದ ಭಾಗಿಸಿದರೆ 12.5 ಎಂಬಿ. ನಿಮಗೆ 12 ಸಿಗುತ್ತಿದ್ದರೆ ಅದು ಮೋಸವಲ್ಲ. 2 ಅಥವಾ 3 ಮಾತ್ರ ಸಿಗುತ್ತಿದ್ದರೆ ಕೇಬಲ್ ಹಾಕಿ ಮತ್ತೊಮ್ಮೆ ಪರೀಕ್ಷಿಸಿ, ಆಮೇಲೆ ದೂರು ಕೊಡಿ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ, ಹಂಚುವ ಮುನ್ನ 8ರಿಂದ ಭಾಗಿಸಿ ನೋಡಿ.