ಪದವಿಯಿಲ್ಲದ ಪಂಡಿತ: ಮಂಜೇಶ್ವರದ ಗೋವಿಂದ ಪೈ

ಗಿಳಿವಿಂಡು, ಗೊಲ್ಗೊಥಾ, ವೈಶಾಖಿಗಳ ಕರ್ತೃವಾಗಿ, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಬಿರುದನ್ನು ಪಡೆದವರಾಗಿ ಗೋವಿಂದ ಪೈಗಳು ಕನ್ನಡಿಗರೆಲ್ಲರಿಗೂ ಪರಿಚಿತರು. ಕಾವ್ಯದಷ್ಟೇ ನಿಷ್ಠೆಯಿಂದ ಅವರು ಸಂಶೋಧನೆಯನ್ನೂ ಆರಾಧಿಸಿದರು. ಡಾಕ್ಟರೇಟ್ ಪದವಿಗಾಗಿ ಶ್ರಮಿಸುತ್ತಿರುವ ಗಡಿನಾಡಿನ ತರುಣ ತರುಣಿಯರು ಮೊದಲು ಅರಿಯಬೇಕಾದುದು ಅವರ ಈ ಮುಖವನ್ನು.

ಪೈಗಳು ಜನಿಸಿದುದು 1883ನೆಯ ಮಾರ್ಚ್ 23ರಂದು, ಮಂಜೇಶ್ವರದಲ್ಲಿ. ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ವಿದ್ಯಾಭ್ಯಾಸ ಮಾಡಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ತಂದೆಯವರಿಗೊದಗಿದ ಆಪತ್ತಿನಿಂದ ಊರಿಗೆ ಮರಳಬೇಕಾಗಿ ಬಂದು, ಬಿ.ಎ. ಪದವಿ ಕೈಸೇರಲಿಲ್ಲ. ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು. ವ್ಯಾಸಂಗ ಮಾತ್ರ ನಿಲ್ಲಲಿಲ್ಲ. ಮಂಜೇಶ್ವರದ ಮನೆಯೇ ಅವರಿಗೆ ಗ್ರಂಥಾಲಯವಾಯಿತು, ಗುರುಕುಲವೂ ಆಯಿತು.

ಮೂಲವನ್ನು ಮೂಲದ ಭಾಷೆಯಲ್ಲಿಯೇ ಕಾಣಬೇಕೆಂಬುದು ಅವರ ಮೊದಲನೆಯ ವ್ರತ. ಅದಕ್ಕಾಗಿ ಸಂಸ್ಕೃತ, ಪ್ರಾಕೃತ, ಪಾಳಿಗಳಲ್ಲದೆ ಗ್ರೀಕ್, ಲ್ಯಾಟಿನ್ ಮೊದಲಾದ ಅನೇಕ ಭಾಷೆಗಳನ್ನು ಸ್ವಪ್ರಯತ್ನದಿಂದ ಸಾಧಿಸಿಕೊಂಡರು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನದಲ್ಲಿ ಕನ್ನಡ ನುಡಿಗಳಿವೆಯೆಂಬ ವಾದವನ್ನು ಪರಿಶೀಲಿಸುವ ಧೈರ್ಯ ಅವರಿಗೆ ಬಂದುದು ಈ ಸಿದ್ಧತೆಯಿಂದ. ಆ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಪೈಗಳು ಕೇವಲ ಅಭಿಮಾನದಿಂದ ಮಾತನಾಡಿದರೆಂದು ಯಾರೂ ಹೇಳಲಾರರು.

ಕಾಲನಿರ್ಣಯದಲ್ಲಿ ಅವರ ಎಚ್ಚರ ಇನ್ನೂ ಹೆಚ್ಚಿನದು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪ್ರತಿಷ್ಠೆಯ ಪ್ರಶ್ನೆಯನ್ನು ನೋಡಿರಿ. 978ರ ಚಾವುಂಡರಾಯ ಪುರಾಣದಲ್ಲಿ ವಿಗ್ರಹದ ಪ್ರಸ್ತಾಪವಿಲ್ಲ; 993ರ ರನ್ನನ ಅಜಿತಪುರಾಣದಲ್ಲಿ ಉಂಟು. ಪ್ರತಿಷ್ಠೆ ಈ ಹದಿನೈದು ವರ್ಷಗಳ ನಡುವೆ ನಡೆದಿರಬೇಕು. ಬಾಹುಬಲಿ ಚರಿತವೆಂಬ ಸಂಸ್ಕೃತ ಕೃತಿಯಾದರೋ ಚೈತ್ರ ಶುದ್ಧ ಪಂಚಮಿ, ಭಾನುವಾರ ಎಂದು ಹೇಳಿ, ಸಂವತ್ಸರದ ಹೆಸರನ್ನೂ ಕೊಡುತ್ತದೆ. ಇವೆಲ್ಲವೂ ಒಂದಕ್ಕೊಂದು ಸುಲಭವಾಗಿ ಹೊಂದವು. ಆದುದರಿಂದಲೇ ವಿದ್ವಾಂಸರು ಬೇರೆ ಬೇರೆ ವರ್ಷಗಳನ್ನು ಸೂಚಿಸಿದ್ದರು. ಪೈಗಳು ಸೂಚಿಸಿದ ದಿನ 981ನೆಯ ಮಾರ್ಚ್ 13. ಗಣಿತ ಮಾಡಿ ನೋಡಿದರೆ ಅಂದು ಭಾನುವಾರ, ತಿಥಿಯೂ ಪಂಚಮಿಯೇ. ಗ್ರಂಥದ ಮಾತನ್ನು ಪಂಚಾಂಗದ ಒರೆಗಲ್ಲಿಗೆ ಹಚ್ಚುವ ಈ ಕ್ರಮವು ಸಂಶೋಧನ ವಿದ್ಯಾರ್ಥಿಗೆ ನೂರು ಉಪದೇಶಗಳಿಗಿಂತ ಮೇಲು.

1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರನ್ನು ಅರಸಿ ಬಂದಿತು. 1956ನೆಯ ನವೆಂಬರ್ 1ರಂದು ಅವರ ಊರು ಕೇರಳಕ್ಕೆ ಸೇರಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1963ನೆಯ ಸೆಪ್ಟೆಂಬರ್ 6ರಂದು ಅವರು ಕಾಲವಶರಾದರು. ಅವರ ಅಮೂಲ್ಯ ಗ್ರಂಥರಾಶಿಯು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸಂದಿತು. ಅವರ ಹೆಸರಿನ ಸಂಶೋಧನ ಕೇಂದ್ರವೂ ಅಲ್ಲಿ ಸ್ಥಾಪಿತವಾಯಿತು.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಗಳು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನ ವಿಧಾನದ ಪಾಠಗಳನ್ನು ಕಡ್ಡಾಯಗೊಳಿಸಿದುವು. ಇದು ಉಚಿತವೇ. ಆದರೆ ಪಾಠ ದಾರಿಯನ್ನು ತೋರೀತು. ನಡೆಯುವ ಕಾಲು ನಮ್ಮದೇ ಆಗಬೇಕು. ಕನ್ನಡ, ತುಳು, ಕೊಂಕಣಿ, ಮಲಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುವ ಗಡಿನಾಡಿನಲ್ಲಿ ಹುಟ್ಟಿದವನಿಗೆ ಬಹುಭಾಷಾಜ್ಞಾನದ ಅರ್ಧ ದಾರಿ ಹುಟ್ಟಿನಿಂದಲೇ ಸವೆದಿರುತ್ತದೆ. ನಮ್ಮ ಶಾಸನಗಳನ್ನೂ ತಾಳೆಗರಿಗಳನ್ನೂ ಓದಬಲ್ಲವರು ನಮ್ಮಲ್ಲಿ ಉಳಿಯದಿದ್ದರೆ ಈ ನೆಲದ ಕನ್ನಡದ ಪೂರ್ವವೃತ್ತಾಂತಕ್ಕೆ ಸಾಕ್ಷಿ ಹೇಳುವವರಾರು? ಪೈಗಳ ಜೀವಿತವು ಪದವಿಯನ್ನು ಹಳಿಯಲು ನೆವವಲ್ಲ. ಪದವಿಗೆ ಅರ್ಹತೆಯನ್ನು ತಂದುಕೊಳ್ಳುವ ಬಗೆಗೆ ಮೇಲ್ಪಂಕ್ತಿ.